ನಸುಗುನ್ನಿ: ತುರಿಸುವ ಕಾಯಿಯೊಳಗೆ ಔಷಧವಿದೆಯೇ?

ಹಳ್ಳಿಗಾಡಿನಲ್ಲಿ ಬೆಳೆದವರಿಗೆ ನಸುಗುನ್ನಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇಲಿಯ ಮೇಲೆ ಆ ಬಳ್ಳಿ ಹಬ್ಬಿ ಕಂದುಬಣ್ಣದ ಕಾಯಿ ತೂಗುತ್ತಿದ್ದರೆ ನಾವು ಸುತ್ತು ಬಳಸಿಯಾದರೂ ಬೇರೆ ದಾರಿ ಹಿಡಿಯುತ್ತೇವೆ. ಆದರೆ ಅದೇ ಕಾಯಿಯ ಬೀಜದ ಪುಡಿ ಇಂದು 'ಕಪಿಕಚ್ಛು ಚೂರ್ಣ', 'ಕೌಂಚ್ ಬೀಜ' ಎಂಬ ಹೆಸರುಗಳಲ್ಲಿ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಮಾರಾಟವಾಗುತ್ತಿದೆ. ನರಗಳಿಗೆ ಬಲ, ವೀರ್ಯವೃದ್ಧಿ, ಕೈ ನಡುಕಕ್ಕೆ ಪರಿಹಾರ, ನೈಸರ್ಗಿಕವಾದ್ದರಿಂದ ಅಡ್ಡಪರಿಣಾಮವಿಲ್ಲ ಎಂಬ ಮಾತುಗಳೂ ಜೊತೆಗಿರುತ್ತವೆ. ಇವುಗಳಲ್ಲಿ ಯಾವುದು ನಿಜ, ಯಾವುದು ಅಲ್ಲ ಎಂದು ನೋಡೋಣ.

ತುರಿಕೆ ಏಕೆ?

ನಸುಗುನ್ನಿ ಅವರೆ, ಅಲಸಂದೆಗಳ ಕುಟುಂಬಕ್ಕೆ ಸೇರಿದ ದ್ವಿದಳ ಬಳ್ಳಿ. ವೈಜ್ಞಾನಿಕ ಹೆಸರು ಮುಕುನಾ ಪ್ರುರಿಯೆನ್ಸ್. ಕಾಯಿಯ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಮುಕುನೈನ್ ಎಂಬ ಕಿಣ್ವವಿದೆ. ರೋಮ ಚರ್ಮಕ್ಕೆ ಚುಚ್ಚಿಕೊಂಡಾಗ ಈ ಕಿಣ್ವವು ನರತುದಿಗಳನ್ನು ಕೆರಳಿಸುತ್ತದೆ. ಇದು ಅಲರ್ಜಿಯಲ್ಲಿ ಬರುವ ಹಿಸ್ಟಮಿನ್ ತುರಿಕೆಗಿಂತ ಬೇರೆ. ಹಾಗಾಗಿ ಸಾಮಾನ್ಯ ಅಲರ್ಜಿ ಮಾತ್ರೆಯಿಂದ ಹೆಚ್ಚು ಪ್ರಯೋಜನವಾಗುವುದಿಲ್ಲ. ರೋಮ ತಾಕಿದರೆ ಉಜ್ಜಬೇಡಿ. ಅಂಟುಪಟ್ಟಿ ಒತ್ತಿ ಕಿತ್ತು ರೋಮಗಳನ್ನು ತೆಗೆಯಿರಿ, ನೀರಿನಿಂದ ತೊಳೆಯಿರಿ, ತೊಟ್ಟ ಬಟ್ಟೆ ಬದಲಿಸಿ. ಕಣ್ಣಿಗೆ ಬಿದ್ದರೆ ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರ ಬಳಿ ಹೋಗಿ.

ಹಿಂದಿನವರ ಬಳಕೆ

ಆಯುರ್ವೇದದಲ್ಲಿ ಇದಕ್ಕೆ ಆತ್ಮಗುಪ್ತ ಎಂಬ ಹೆಸರೂ ಇದೆ. ಬೀಜವನ್ನು ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಒಣಗಿಸಿ ಪುಡಿ ಮಾಡುವುದು ಶೋಧನೆಯ ಕ್ರಮ. ವಾತದ ತೊಂದರೆಗಳಿಗೆ, ದೇಹಬಲಕ್ಕೆ ಮತ್ತು ವಾಜೀಕರಣಕ್ಕೆ ಇದನ್ನು ಕೊಡುತ್ತಿದ್ದರು. ಹದಿನೆಂಟನೇ ಶತಮಾನದಲ್ಲಿ ಯುರೋಪಿನ ವೈದ್ಯರು ಕಾಯಿಯ ರೋಮಗಳನ್ನೇ ಪಾಕದಲ್ಲಿ ಕಲಸಿ ಜಂತುಹುಳುವಿಗೆ ಕೊಡುತ್ತಿದ್ದದ್ದೂ ಉಂಟು.

ಬೀಜದಲ್ಲಿ ಇರುವುದೇನು?

1937ರಲ್ಲಿ ಭಾರತದ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ ನಸುಗುನ್ನಿ ಬೀಜದಿಂದ ಲೆವೊಡೋಪಾ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಯಾವ ಕಾಯಿಲೆಗೆ ಆದೀತು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತವೆ. ಡೋಪಮಿನ್ ಅನ್ನು ನೇರವಾಗಿ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಲೆವೊಡೋಪಾ ದಾಟುತ್ತದೆ, ಅಲ್ಲಿ ಡೋಪಮಿನ್ ಆಗಿ ಬದಲಾಗುತ್ತದೆ. 1960ರ ದಶಕದಿಂದ ಇಂದಿನವರೆಗೂ ಈ ಕಾಯಿಲೆಗೆ ಮುಖ್ಯ ಔಷಧ ಇದೇ. ಅಂದರೆ ನಸುಗುನ್ನಿಯ ಬೀಜದಲ್ಲಿ ಔಷಧವಿರುವುದು ನಿಜ.

ಹಾಗಾದರೆ ಮಾತ್ರೆಯ ಬದಲು ಪುಡಿ ತಿನ್ನಬಹುದೇ?

2004ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಎಂಟು ರೋಗಿಗಳಿಗೆ 30 ಗ್ರಾಂ ಬೀಜದ ಪುಡಿ ಕೊಟ್ಟಾಗ ಅದು ಮಾತ್ರೆಗಿಂತ ಬೇಗ ಕೆಲಸ ಮಾಡಿತು, ಹೆಚ್ಚು ಹೊತ್ತೂ ಉಳಿಯಿತು. ಆಶಾದಾಯಕವೇ, ಆದರೆ ಅದು ಎಂಟು ಜನರ ಮೇಲೆ, ಒಂದೊಂದು ಡೋಸಿನ ಪರೀಕ್ಷೆ. ಬೊಲಿವಿಯಾದಲ್ಲಿ ಹಲವು ವಾರ ದಿನವೂ ಕೊಟ್ಟು ನೋಡಿದಾಗ ಹದಿನಾಲ್ಕು ಜನರಲ್ಲಿ ಅರ್ಧದಷ್ಟು ಮಂದಿ ನಡುವೆಯೇ ನಿಲ್ಲಿಸಿದರು. ಹೊಟ್ಟೆಯ ತೊಂದರೆ ಅದಕ್ಕೆ ಮುಖ್ಯ ಕಾರಣ. ಲೆವೊಡೋಪಾ ಮಿದುಳು ತಲುಪುವ ಮೊದಲೇ ಡೋಪಮಿನ್ ಆದರೆ ವಾಕರಿಕೆ, ವಾಂತಿ ಬರುತ್ತದೆ. ಇದನ್ನು ತಡೆಯಲೆಂದೇ ಮಾತ್ರೆಯಲ್ಲಿ ಕಾರ್ಬಿಡೋಪಾ ಸೇರಿಸುತ್ತಾರೆ. ಪುಡಿಯಲ್ಲಿ ಅದಿಲ್ಲ.

ಇನ್ನೊಂದು ತೊಡಕು ಪ್ರಮಾಣದ್ದು. ಬೀಜದಲ್ಲಿನ ಲೆವೊಡೋಪಾ ತಳಿ, ನೆಲ, ಸಂಸ್ಕರಣೆಗೆ ತಕ್ಕಂತೆ ಬದಲಾಗುತ್ತದೆ. ಅಮೆರಿಕದಲ್ಲಿ ಮಾರಾಟದಲ್ಲಿದ್ದ 16 ನಸುಗುನ್ನಿ ಉತ್ಪನ್ನಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದು ಸೇವನೆಯಲ್ಲಿದ್ದ ಲೆವೊಡೋಪಾ 2 ಮಿಲಿಗ್ರಾಂನಿಂದ 241 ಮಿಲಿಗ್ರಾಂವರೆಗೆ ಇತ್ತು. ಡಬ್ಬಿ ಬದಲಾದರೆ ಡೋಸೇ ಬದಲಾದಂತೆ.

ಉಳಿದ ನಂಬಿಕೆಗಳು

ವೀರ್ಯವೃದ್ಧಿ: ಲಕ್ನೋದಲ್ಲಿ ಸಂತಾನಹೀನತೆಯ ತೊಂದರೆಯಿದ್ದ 75 ಪುರುಷರಿಗೆ ಮೂರು ತಿಂಗಳು ಪುಡಿ ಕೊಟ್ಟಾಗ ವೀರ್ಯಾಣುಗಳ ಸಂಖ್ಯೆ ಸುಧಾರಿಸಿತು. ಆದರೆ ಹುಸಿ ಔಷಧ ಪಡೆದ ಗುಂಪಿನೊಡನೆ ಹೋಲಿಕೆ ಇರಲಿಲ್ಲ. ಹಾಗಾಗಿ ಇದು ಕೊನೆಯ ಮಾತಲ್ಲ.

ಮಧುಮೇಹ: ಆಧಾರಗಳು ಹೆಚ್ಚಿನಂಶ ಪ್ರಾಣಿಗಳ ಮೇಲಿನ ಪ್ರಯೋಗಗಳವು.

ಹಾವು ಕಡಿತ: ನೈಜೀರಿಯಾದಲ್ಲಿ ಈ ಬೀಜ ನಾಟಿ ಮದ್ದು. ಆದರೆ ವಿಷದ ಹಾವು ಕಚ್ಚಿದಾಗ ಜೀವ ಉಳಿಸುವುದು ಆಸ್ಪತ್ರೆಯ ಪ್ರತಿವಿಷ ಮಾತ್ರ. ಬೀಜ ಅರೆಯುತ್ತ ಕೂತರೆ ಸಮಯ ಕೈತಪ್ಪುತ್ತದೆ.

ಅಡ್ಡಪರಿಣಾಮ ಇಲ್ಲವೇ?

ಇದೆ. 1989ರಲ್ಲಿ ಮೊಜಾಂಬಿಕ್‌ನ ನಾಂಪುಲಾ ಪ್ರಾಂತ್ಯದಲ್ಲಿ ಆಹಾರದ ಕೊರತೆಯಿಂದ ಜನ ಈ ಬೀಜವನ್ನೇ ತಿನ್ನಬೇಕಾಯಿತು. ಬೇಯಿಸಿದ ನೀರನ್ನು ಮತ್ತೆ ಮತ್ತೆ ಬಸಿದು ಚೆಲ್ಲುವುದು ಅಲ್ಲಿನ ರೂಢಿ. ನೀರಿನ ಅಭಾವದಿಂದ ಅದು ಸಾಧ್ಯವಾಗದೆ ಅನೇಕರಿಗೆ ಭ್ರಮೆ, ಬುದ್ಧಿಭ್ರಮಣೆ ಉಂಟಾಯಿತು. ಔಷಧದ ಗುಣವಿರುವ ವಸ್ತುವಿಗೆ ಕೆಡುಕು ಮಾಡುವ ಶಕ್ತಿಯೂ ಇರುತ್ತದೆ.

ಆದ್ದರಿಂದ ರಕ್ತದೊತ್ತಡ, ಖಿನ್ನತೆ ಅಥವಾ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ತಾವಾಗಿಯೇ ಈ ಪುಡಿ ಸೇವಿಸಬಾರದು. ಮನೆಯಲ್ಲಿ ಪಾರ್ಕಿನ್ಸನ್ ರೋಗಿಗಳಿದ್ದರೆ ಎರಡು ಮಾತು ನೆನಪಿರಲಿ. ಮಾತ್ರೆಯ ಜೊತೆ ಪುಡಿ ಸೇರಿಸಿದರೆ ಡೋಸ್ ಮಿತಿಮೀರಬಹುದು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಈಗಾಗಲೇ ಪುಡಿ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ನರರೋಗ ತಜ್ಞರಿಗೆ ಹೇಳಿ, ಡಬ್ಬಿಯನ್ನೂ ತೋರಿಸಿ.