ಇಸ್ಲಾಮಿನ ಉಡುಪು ಯಾವ ದೇಶದ್ದು?

ಹಬಶಾದಲ್ಲಿ ಹುಟ್ಟಿ, ತಂದೆ ತಾಯಿಯರೊಂದಿಗೆ ಮದೀನಕ್ಕೆ ಬಂದ ಒಬ್ಬ ಪುಟ್ಟ ಬಾಲಕಿಯಿದ್ದಳು. ಉಮ್ಮು ಖಾಲಿದ್(ರ) ಎಂದು ಅವಳ ಹೆಸರು. ಮಕ್ಕಾದವರ ಹಿಂಸೆ ತಾಳಲಾರದೆ ಕೆಂಪು ಸಮುದ್ರವನ್ನು ದಾಟಿ ಹೋಗಿದ್ದ ಮುಹಾಜಿರರ ಮಗಳು ಅವಳು. ಒಂದು ದಿನ ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಕೆಲವು ಬಟ್ಟೆಗಳು ಬಂದವು. ಅವುಗಳಲ್ಲಿ ಚಿತ್ತಾರವಿದ್ದ ಕಪ್ಪು ಬಣ್ಣದ ಒಂದು ಚಿಕ್ಕ ಹೊದಿಕೆಯೂ ಇತ್ತು. ಇದನ್ನು ಯಾರಿಗೆ ತೊಡಿಸೋಣವೆಂದು ಅವರು ನೆರೆದವರನ್ನು ಕೇಳಿದರು. ಎಲ್ಲರೂ ಸುಮ್ಮನಿದ್ದರು. ಆಗ ಉಮ್ಮು ಖಾಲಿದ್‌ಳನ್ನು ಕರೆತರಲು ಹೇಳಿ, ತಮ್ಮ ಕೈಯಾರೆ ಅವಳಿಗೆ ತೊಡಿಸಿದರು. ಬಟ್ಟೆ ಹಳತಾಗಿ ಸವೆಯುವವರೆಗೂ ಅವಳು ಬಾಳಲಿ ಎಂದು ಹರಸಿದರು. ಬಳಿಕ ಚಿತ್ತಾರದತ್ತ ಕೈ ತೋರಿ ‘ಸನಾ’ ಎಂದರು. ಅದು ಅರಬಿ ಪದವಲ್ಲ. ಹಬಶಾದ ಭಾಷೆಯಲ್ಲಿ ‘ಚೆಂದ’ ಎಂದು ಅದರ ಅರ್ಥ.

ಸಹೀಹ್ ಬುಖಾರಿಯಲ್ಲಿ ದಾಖಲಾಗಿರುವ ಈ ಘಟನೆ ಚಿಕ್ಕದು. ಆದರೆ ಉಡುಪಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇಂದು ಏಳುತ್ತಿರುವ ಪ್ರಶ್ನೆಗಳ ಮುಂದೆ ಇದನ್ನಿಟ್ಟು ನೋಡಬೇಕಾಗಿದೆ. ಅರಬ್ ದೇಶದ ನೀಳ ಅಂಗಿ ತೊಟ್ಟ ಮೊಮ್ಮಗ ತನ್ನ ಅಜ್ಜನ ಚೌಕುಳಿ ಲುಂಗಿಯನ್ನು ಕಂಡು ಮುಖ ಸಿಂಡರಿಸುತ್ತಾನೆ. ಐವತ್ತು ವರ್ಷ ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದು ಐದು ಹೊತ್ತಿನ ನಮಾಝ್ ನಿರ್ವಹಿಸಿದ ಅಜ್ಜಿಗೆ, ‘ಇದು ನಮ್ಮವರ ಉಡುಪಲ್ಲ’ ಎಂದು ಮೊಮ್ಮಗಳು ಹೇಳುತ್ತಾಳೆ. ಇನ್ನೊಂದೆಡೆ, ಕಚ್ಛಿನ ಅಜ್ರಖ್ ದುಪ್ಪಟ್ಟ, ಫೆಲೆಸ್ತೀನಿನ ಕಸೂತಿ, ಜಾವಾದ ಬಾಟಿಕ್ ಇವೆಲ್ಲ ನಮ್ಮ ಯುವಜನರ ನಿತ್ಯದ ಉಡುಪಿಗೆ ಸೇರುತ್ತಿರುವಾಗ, ಪರರ ಉಡುಪನ್ನು ತೊಡಬಹುದೇ ಎಂದು ಹಿರಿಯರು ಕಳವಳಗೊಳ್ಳುತ್ತಾರೆ. ಎರಡೂ ಕಡೆಯವರು ಧರ್ಮದ ಹೆಸರನ್ನೇ ಹೇಳುತ್ತಾರೆ. ಹಾಗಾದರೆ ಇಸ್ಲಾಮಿನ ಉಡುಪು ಯಾವ ದೇಶದ್ದು?

ಪ್ರವಾದಿವರ್ಯರ(ಸ) ಬಟ್ಟೆಗಳ ಕುರಿತು ಹದೀಸ್ ಗ್ರಂಥಗಳಲ್ಲಿ ಬಂದಿರುವ ವಿವರಗಳನ್ನು ಒಟ್ಟುಗೂಡಿಸಿದರೆ ಉತ್ತರದ ಮೊದಲ ಎಳೆ ಸಿಗುತ್ತದೆ. ಅವರಿಗೆ ಬಹಳ ಪ್ರಿಯವಾಗಿದ್ದ ಬಟ್ಟೆ ‘ಹಿಬರಾ’, ಅಂದರೆ ಯಮನಿನಲ್ಲಿ ನೇಯ್ದ ಪಟ್ಟೆಗಳುಳ್ಳ ಹೊದಿಕೆ ಎಂದು ಹ. ಅನಸ್(ರ) ತಿಳಿಸಿದ್ದಾರೆ. ಒಬ್ಬ ಗ್ರಾಮೀಣ ಅರಬನು ಕೊರಳಿನಲ್ಲಿ ಗುರುತು ಮೂಡುವಷ್ಟು ಬಿರುಸಾಗಿ ಅವರ ಶಾಲನ್ನು ಎಳೆದಾಗ ಅವರು ಮುಗುಳ್ನಕ್ಕು ಅವನಿಗೆ ದಾನ ಕೊಡಿಸಿದ ಪ್ರಸಂಗ ನಮಗೆಲ್ಲ ಗೊತ್ತು. ದಪ್ಪ ಅಂಚಿನ ಆ ಶಾಲು ನಜ್ರಾನಿನದು. ಪ್ರಯಾಣವೊಂದರಲ್ಲಿ ಅವರು ಶಾಮಿನ ಜುಬ್ಬಾ ಧರಿಸಿದ್ದರು. ಅದರ ತೋಳುಗಳು ಎಷ್ಟು ಬಿಗಿಯಾಗಿದ್ದವೆಂದರೆ, ವುಝೂ ಮಾಡುವಾಗ ತೋಳನ್ನು ಮೇಲಕ್ಕೆ ಸರಿಸಲಾಗದೆ ಕೈಗಳನ್ನು ಜುಬ್ಬಾದ ಕೆಳಗಿನಿಂದ ಹೊರತೆಗೆಯಬೇಕಾಯಿತು ಎಂದು ಹ. ಮುಗೀರಾ(ರ) ವಿವರಿಸಿದ್ದಾರೆ. ಶಾಮ್ ಆಗ ರೋಮನ್ನರ ಆಳ್ವಿಕೆಯಲ್ಲಿತ್ತು. ಹ. ಅಸ್ಮಾ(ರ) ಜೋಪಾನವಾಗಿ ಕಾಯ್ದಿಟ್ಟಿದ್ದ ಪ್ರವಾದಿವರ್ಯರ(ಸ) ಮತ್ತೊಂದು ಜುಬ್ಬಾ ‘ಕಿಸ್ರವಾನಿ’ ಬಗೆಯದಾಗಿತ್ತು. ಪಾರಸಿಕ ದೊರೆ ಕಿಸ್ರಾನ ಹೆಸರಿನಿಂದ ಕರೆಯಲಾಗುತ್ತಿದ್ದ ಉಡುಪು ಅದು. ಯಮನ್, ನಜ್ರಾನ್, ಶಾಮ್, ಪಾರಸ ಈ ನಾಲ್ಕು ಕಡೆಯ ಮಗ್ಗಗಳು ಮದೀನದ ಒಂದು ಪುಟ್ಟ ಕೋಣೆಯಲ್ಲಿ ಸೇರಿದ್ದವು. ಹ. ಹಸನ್ ಬಸರಿಯವರಂತೂ ಅಗ್ನಿಪೂಜಕರು ನೇಯ್ದ ಬಟ್ಟೆಯಲ್ಲಿ ನಮಾಝ್ ಮಾಡುವುದರಲ್ಲಿ ದೋಷವನ್ನು ಕಾಣಲಿಲ್ಲ.

ಹಾಗೆಂದು ಉಡುಪಿಗೆ ಯಾವ ಕಟ್ಟಳೆಯೂ ಇಲ್ಲವೆಂದಲ್ಲ. ಮಾನ ಮುಚ್ಚಲು ಮತ್ತು ಅಲಂಕಾರಕ್ಕಾಗಿ ಅಲ್ಲಾಹನು ವಸ್ತ್ರವನ್ನು ಇಳಿಸಿದನೆಂದೂ ದೇವಭಯದ ಉಡುಪೇ ಅವೆಲ್ಲಕ್ಕಿಂತ ಉತ್ತಮವೆಂದೂ ಅಲ್ ಅಅ್‌ರಾಫ್ ಅಧ್ಯಾಯದ 26ನೇ ಸೂಕ್ತ ತಿಳಿಸುತ್ತದೆ. ಅದೇ ಅಧ್ಯಾಯದ 31 ಮತ್ತು 32ನೇ ಸೂಕ್ತಗಳು ಒಂದೆಡೆ ದುಂದುಗಾರಿಕೆಯನ್ನು ತಡೆದರೆ, ಇನ್ನೊಂದೆಡೆ ಅಲ್ಲಾಹನು ಕೊಟ್ಟ ಅಲಂಕಾರವನ್ನು ನಿಷಿದ್ಧಗೊಳಿಸಲು ಹೊರಟವರನ್ನು ಪ್ರಶ್ನಿಸುತ್ತವೆ. ಪುರುಷರಿಗೆ ರೇಷ್ಮೆ ಸಲ್ಲದು, ಮೈಮಾಟ ತೋರುವ ಉಡುಪು ಸಲ್ಲದು, ಅಹಂಕಾರದಿಂದ ಬಟ್ಟೆ ಎಳೆದಾಡುತ್ತ ನಡೆಯುವುದು ಸಲ್ಲದು, ಜನರ ಕಣ್ಣು ತನ್ನ ಮೇಲೆ ಬೀಳಲೆಂದೇ ತೊಡುವ ಖ್ಯಾತಿಯ ಉಡುಪು ಸಲ್ಲದು. ಈ ನಿಬಂಧನೆಗಳೆಲ್ಲವೂ ಉಡುಪನ್ನು ಹೇಗೆ ತೊಡಬೇಕೆಂಬುದಕ್ಕೆ ಸಂಬಂಧಿಸಿವೆ. ಅದನ್ನು ಯಾವ ಊರಿನಿಂದ ತರಬೇಕೆಂದು ಇವುಗಳಲ್ಲಿ ಒಂದೂ ಹೇಳುವುದಿಲ್ಲ.

ತಲೆವಸ್ತ್ರದಿಂದ ಎದೆಯನ್ನು ಮುಚ್ಚಿಕೊಳ್ಳಬೇಕೆಂಬ ಅನ್ನೂರ್ ಅಧ್ಯಾಯದ ಸೂಕ್ತ ಅವತೀರ್ಣವಾದ ದಿನ ನಡೆದದ್ದನ್ನು ಹ. ಆಯಿಶಾ(ರ) ನೆನಪಿಸಿಕೊಂಡಿದ್ದಾರೆ. ಮುಹಾಜಿರ್ ಸ್ತ್ರೀಯರು ತಮ್ಮಲ್ಲಿದ್ದ ಬಟ್ಟೆಗಳ ಅಂಚನ್ನೇ ಹರಿದು ಹೊದ್ದುಕೊಂಡರು. ಹೊಸ ಸಮವಸ್ತ್ರವೊಂದು ಬರಲೆಂದು ಅವರು ಕಾಯಲಿಲ್ಲ. ಬಟ್ಟೆ ಹಳೆಯದೇ ಆಗಿತ್ತು, ಉಡುವ ರೀತಿ ಹೊಸದಾಯಿತು. ಜಗತ್ತಿನ ನಾನಾ ನಾಡುಗಳಿಗೆ ಇಸ್ಲಾಮ್ ಹೋದಾಗ ನಡೆದದ್ದೂ ಬಹುಮಟ್ಟಿಗೆ ಇದೇ.

ಪರಜನಾಂಗವನ್ನು ಅನುಕರಿಸಿದವನು ಅವರಲ್ಲೊಬ್ಬನಾಗುವನೆಂಬ ಎಚ್ಚರಿಕೆ ಹದೀಸಿನಲ್ಲಿ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಇನ್ನೊಂದು ಧರ್ಮದ ಆರಾಧನೆಯ ಲಾಂಛನವನ್ನು ಮೈಮೇಲೆ ಧರಿಸುವುದು ನಮಗೆ ಸಲ್ಲುವುದಿಲ್ಲ. ಆದರೆ ಒಂದು ಧರ್ಮದ ಲಾಂಛನಕ್ಕೂ ಒಂದು ನಾಡಿನ ರೂಢಿಗೂ ವ್ಯತ್ಯಾಸವಿದೆಯೆಂಬುದನ್ನು ವಿದ್ವಾಂಸರು ಅರಿತಿದ್ದರು. ‘ತೈಲಸಾನ್’ ಎಂಬ ಶಾಲು ಒಂದು ಕಾಲಕ್ಕೆ ಯಹೂದಿಯರ ಗುರುತಾಗಿತ್ತು. ಆ ಗುರುತು ಅಳಿದುಹೋದ ಮೇಲೆ ಅದು ಇತರ ಬಟ್ಟೆಗಳಂತೆಯೇ ಅನುಮತಿಸಲ್ಪಟ್ಟ ವಸ್ತುವಾಯಿತೆಂದು ಸಹೀಹ್ ಬುಖಾರಿಯ ಪ್ರಸಿದ್ಧ ವ್ಯಾಖ್ಯಾನಕಾರರಾದ ಇಬ್ನು ಹಜರ್ ಅಲ್ ಅಸ್ಕಲಾನಿ (ಮರಣ 1449) ವಿವರಿಸಿದ್ದಾರೆ. ಬಟ್ಟೆಯ ಅರ್ಥ ಕಾಲದೊಂದಿಗೆ ಬದಲಾಗುತ್ತದೆ ಎಂಬ ಈ ಅರಿವು ನಮಗಿಂದು ತೀರಾ ಅಗತ್ಯವಾಗಿದೆ.

ಷರಾಯಿಯ ಕಥೆಯನ್ನೇ ನೋಡಿರಿ. ಅಝರ್‌ಬೈಜಾನಿನಲ್ಲಿದ್ದ ಸೇನೆಗೆ ಖಲೀಫ ಉಮರ್(ರ) ಪತ್ರ ಬರೆದು, ಭೋಗಜೀವನದಿಂದ ದೂರವಿರಬೇಕೆಂದೂ ಷರಾಯಿಗಳನ್ನು ಬದಿಗಿಟ್ಟು ಸೊಂಟಕ್ಕೆ ಇಝಾರ್ ಸುತ್ತಿ, ಹೆಗಲಿಗೆ ಶಾಲು ಹೊದೆಯಬೇಕೆಂದೂ ಸೂಚಿಸಿದ್ದರು. ಗೆದ್ದ ನಾಡಿನ ಸುಖಲೋಲುಪತೆಯಲ್ಲಿ ಸೈನಿಕರು ಕರಗಿಹೋಗಬಾರದೆಂಬುದು ಅವರ ಕಾಳಜಿಯಾಗಿತ್ತು. ಅರಬಿಯ ‘ಸಿರ್ವಾಲ್’ ಎಂಬ ಪದವೇ ಪಾರಸಿ ಭಾಷೆಯಿಂದ ಬಂದದ್ದು. ನಾವು ಹೇಳುವ ‘ಸಲ್ವಾರ್’ ಅದರ ಒಡಹುಟ್ಟು. ಅಂದು ಪಾರಸಿಕರದೆನಿಸಿದ ಷರಾಯಿ ಇಂದು ನಮ್ಮಲ್ಲಿ ‘ಮುಸಲ್ಮಾನರ ಉಡುಪು’. ಅಂದು ಸೈನಿಕರು ಸುತ್ತಬೇಕಾಗಿದ್ದ ಇಝಾರಿಗೆ ಹತ್ತಿರದ ಉಡುಪೆಂದರೆ ನಾವು ಹಗುರವಾಗಿ ಕಾಣುವ ಅಜ್ಜನ ಲುಂಗಿ.

ತಲೆಯ ಮೇಲಿನ ಟೋಪಿಯ ಕಥೆಯೂ ಹೀಗೆಯೇ. 1829ರಲ್ಲಿ ಉಸ್ಮಾನಿ ಸುಲ್ತಾನ ಎರಡನೇ ಮಹಮೂದ್ ಸರಕಾರಿ ನೌಕರರು ಮುಂಡಾಸನ್ನು ಬಿಟ್ಟು ಕೆಂಪು ಫೆಝ್ ಟೋಪಿ ಧರಿಸಬೇಕೆಂದು ಕಟ್ಟಳೆ ಹೊರಡಿಸಿದನು. ಅಂದು ಅದು ಆಧುನಿಕತೆಯ ಚಿಹ್ನೆಯಾಗಿತ್ತು. 1925ರಲ್ಲಿ ತುರ್ಕಿಯ ಹೊಸ ಸರಕಾರ ಅದೇ ಟೋಪಿಯನ್ನು ಹಳೆಯ ಕಾಲದ ಚಿಹ್ನೆಯೆಂದು ನಿಷೇಧಿಸಿತು. ನಡುವಿನ ನೂರು ವರ್ಷಗಳಲ್ಲಿ ಅದು ಕಡಲು ದಾಟಿ ನಮ್ಮ ದೇಶಕ್ಕೂ ಬಂದು, ಅಲಿಗಡದ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಸಮವಸ್ತ್ರವಾಗಿ, ‘ತುರ್ಕಿ ಟೋಪಿ’ ಎಂಬ ಹೆಸರಿನಲ್ಲಿ ನೆಲೆಸಿತು. ಫೆಲೆಸ್ತೀನಿನಲ್ಲಿ ಈ ಕಥೆಗೆ ಮತ್ತೊಂದು ತಿರುವು ದೊರೆಯಿತು. ಅಲ್ಲಿ ಪಟ್ಟಣದ ಸುಶಿಕ್ಷಿತರು ಕೆಂಪು ಟೋಪಿ ಧರಿಸುತ್ತಿದ್ದರು. ರೈತರೂ ಮರುಭೂಮಿಯ ಬದೂಗಳೂ ‘ಕಫಿಯ್ಯಾ’ ಎಂಬ ತಲೆವಸ್ತ್ರ ಸುತ್ತುತ್ತಿದ್ದರು. 1936ರಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ಬಂಡಾಯವೆದ್ದಾಗ ಹೋರಾಟಗಾರರಲ್ಲಿ ಹೆಚ್ಚಿನವರು ಹಳ್ಳಿಗರಾಗಿದ್ದರು. ಅವರು ಪಟ್ಟಣಕ್ಕೆ ಬಂದರೆ ತಲೆವಸ್ತ್ರವೇ ಅವರನ್ನು ಹಿಡಿದುಕೊಡುತ್ತಿತ್ತು. ಆದ್ದರಿಂದ 1938ರಲ್ಲಿ ಪಟ್ಟಣಿಗರೆಲ್ಲರೂ ಟೋಪಿ ತೆಗೆದು ಕಫಿಯ್ಯಾ ಸುತ್ತಬೇಕೆಂದು ಬಂಡಾಯಗಾರರು ಕರೆಕೊಟ್ಟರು. ರೈತನ ಬಟ್ಟೆ ಅಂದಿನಿಂದ ಒಂದು ಜನತೆಯ ಗುರುತಾಯಿತು.

ಅದೇ ನಾಡಿನ ಸ್ತ್ರೀಯರ ಕಸೂತಿಯ ನಿಲುವಂಗಿಯಲ್ಲಿ ಒಂದೊಂದು ಪ್ರದೇಶಕ್ಕೂ ಅದರದೇ ಆದ ಹೊಲಿಗೆ ಮತ್ತು ವಿನ್ಯಾಸಗಳಿದ್ದವು. ಉಡುಪನ್ನು ನೋಡಿಯೇ ತೊಟ್ಟವಳು ಯಾವ ಕಡೆಯವಳೆಂದು ಹೇಳಬಹುದಾಗಿತ್ತು. 1948ರಲ್ಲಿ ಎಷ್ಟೋ ಹಳ್ಳಿಗಳು ಬರಿದಾದವು. ಆದರೆ ನಿರಾಶ್ರಿತರ ಶಿಬಿರಗಳಲ್ಲಿ ತಾಯಂದಿರು ಆ ಹೊಲಿಗೆಯನ್ನು ಹೆಣ್ಣುಮಕ್ಕಳಿಗೆ ಕಲಿಸುತ್ತಲೇ ಬಂದರು. 2021ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂತಹ ಉಡುಪನ್ನು ನಮ್ಮ ಮಗಳೊಬ್ಬಳು ತೊಡುವಾಗ ಅವಳು ಕೇವಲ ಬಣ್ಣದ ದಾರವನ್ನು ತೊಡುತ್ತಿಲ್ಲ, ಯಾರದೋ ಕಳೆದುಹೋದ ಮನೆಯ ನೆನಪನ್ನೂ ಹೊರುತ್ತಿದ್ದಾಳೆ ಎಂಬುದನ್ನು ಆಕೆಗೆ ತಿಳಿಸಿಕೊಡುವುದು ನಮ್ಮ ಹೊಣೆ.

ಕೆಲವೆಡೆ ಧರ್ಮದ ಕಟ್ಟಳೆಯೇ ಹೊಸ ನೇಯ್ಗೆಗೆ ಪ್ರೇರಣೆಯಾಯಿತು. ಪುರುಷರಿಗೆ ಅಪ್ಪಟ ರೇಷ್ಮೆ ನಿಷಿದ್ಧವಷ್ಟೆ. ಹಾಸು ರೇಷ್ಮೆಯದಾಗಿ, ಹೊಕ್ಕು ಹತ್ತಿಯದಾಗಿದ್ದರೆ ಅಂತಹ ಬಟ್ಟೆಯನ್ನು ಹನಫಿ ಕರ್ಮಶಾಸ್ತ್ರ ಅನುಮತಿಸಿತು. ನೇಕಾರರು ಹೊರಮೈಯಲ್ಲಿ ರೇಷ್ಮೆ ಹೊಳೆಯುವಂತೆಯೂ ಒಳಮೈಯಲ್ಲಿ ಹತ್ತಿ ಚರ್ಮಕ್ಕೆ ತಾಗುವಂತೆಯೂ ನೇಯ್ದರು. ಆ ಬಟ್ಟೆಗೆ ‘ಮಶ್ರೂ’ ಎಂದೇ ಹೆಸರು. ಶರೀಅತ್ ಅನುಮತಿಸಿದ್ದು ಎಂದು ಅದರ ಅರ್ಥ. ಗುಜರಾತಿನ ಪಾಟಣ್ ಮತ್ತು ಮಾಂಡವಿಗಳಲ್ಲಿ ಈ ನೇಯ್ಗೆ ಬೆಳೆಯಿತು. ಕಾಲಾನುಕ್ರಮದಲ್ಲಿ ಅದನ್ನು ಹಿಂದೂ ಸಮುದಾಯಗಳ ಸ್ತ್ರೀಯರೂ ಮೆಚ್ಚಿ ಉಟ್ಟರು. ನಮ್ಮ ಕರ್ಮಶಾಸ್ತ್ರದ ಒಂದು ನಿಯಮ ನೆರೆಹೊರೆಯ ಹೆಣ್ಣುಮಕ್ಕಳ ಹಬ್ಬದ ಉಡುಪಾಯಿತು!

ಇನ್ನು ನಮ್ಮ ನಾಡಿಗೆ ಬರೋಣ. 14ನೇ ಶತಮಾನದ ಮಧ್ಯಭಾಗದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನು ಬತೂತ ಇಂದಿನ ಉತ್ತರ ಕನ್ನಡದ ಹೊನ್ನಾವರಕ್ಕೆ ಬಂದಿದ್ದನು. ಅಲ್ಲಿನ ಮುಸ್ಲಿಮ್ ಸ್ತ್ರೀಯರು ಹೊಲಿದ ಬಟ್ಟೆ ತೊಡುವುದಿಲ್ಲ, ಉದ್ದನೆಯ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಉಳಿದುದನ್ನು ತಲೆ ಮತ್ತು ಎದೆಯ ಮೇಲೆ ಹೊದೆಯುತ್ತಾರೆ, ಮೂಗಿಗೆ ಚಿನ್ನದ ಉಂಗುರ ಧರಿಸುತ್ತಾರೆ ಎಂದು ಅವನು ಬರೆದಿಟ್ಟಿದ್ದಾನೆ. ಅಷ್ಟಕ್ಕೇ ನಿಲ್ಲಿಸದೆ, ಅವರು ಶೀಲವತಿಯರೆಂದೂ ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದವರೆಂದೂ ಆ ಊರಿನಲ್ಲಿ ಬಾಲಕಿಯರಿಗೆ 13, ಬಾಲಕರಿಗೆ 23 ಪಾಠಶಾಲೆಗಳಿರುವುದನ್ನು ಕಂಡೆನೆಂದೂ ಸೇರಿಸಿದ್ದಾನೆ. ಸೀರೆಯಂತಹ ಉಡುಪಿನಲ್ಲಿದ್ದ ಹಾಫಿಝಾಗಳ ಊರು ಅದು! ಅದೇ ಇಬ್ನು ಬತೂತ ಮಾಲ್ದೀವಿನಲ್ಲಿ ಖಾಝಿಯಾಗಿದ್ದಾಗ ಅಲ್ಲಿನ ಸ್ತ್ರೀಯರು ಸೊಂಟದ ಮೇಲೆ ಏನನ್ನೂ ಹೊದೆಯದಿರುವುದನ್ನು ವಿರೋಧಿಸಿ, ಮೈಮುಚ್ಚದೆ ತನ್ನ ನ್ಯಾಯಾಲಯಕ್ಕೆ ಬರಬಾರದೆಂದು ನಿಯಮ ಮಾಡಿದನು. ಅವನು ಎಲ್ಲವನ್ನೂ ಒಪ್ಪುವವನಾಗಿರಲಿಲ್ಲ. ಮಾಲ್ದೀವಿನಲ್ಲಿ ಆಕ್ಷೇಪಿಸಿದವನು ಹೊನ್ನಾವರದಲ್ಲಿ ಮೆಚ್ಚಿದನು. ಯಾಕೆಂದರೆ ಹೊನ್ನಾವರದ ಬಟ್ಟೆ ಅವನ ಊರಿನದಾಗಿರದಿದ್ದರೂ ಮಾನ ಮುಚ್ಚುವ ಕೆಲಸವನ್ನು ಮಾಡುತ್ತಿತ್ತು.

ಆದ್ದರಿಂದ ನಮ್ಮ ಅಜ್ಜಿಯರ ಸೀರೆಯನ್ನು ಅಳೆಯಬೇಕಾದ ಕೋಲು ಅದು ಎಲ್ಲಿ ನೇಯ್ದದ್ದು ಎಂಬುದಲ್ಲ, ಅದು ಮೈಯನ್ನು ಮರೆಸುತ್ತದೆಯೇ ಎಂಬುದು. ಅರಬ್ ದೇಶದ ಅಂಗಿಯನ್ನು ಅಳೆಯಬೇಕಾದ ಕೋಲೂ ಅದೇ. ನೀಳ ಅಂಗಿಯೊಳಗೆ ಅಹಂಕಾರವಿದ್ದರೆ ಅದರ ನೀಳತೆಯಿಂದ ಫಲವಿಲ್ಲ. ಪ್ರವಾದಿವರ್ಯರು(ಸ) ಅಬೂ ಜಹ್ಮ್(ರ) ನೀಡಿದ್ದ ಚಿತ್ತಾರದ ಹೊದಿಕೆ ನಮಾಝಿನಲ್ಲಿ ಗಮನ ಸೆಳೆಯಿತೆಂದು ಅದನ್ನು ಹಿಂದಿರುಗಿಸಿ, ಅವರ ಬಳಿಯಿದ್ದ ಸಾದಾ ಹೊದಿಕೆಯನ್ನು ತರಿಸಿಕೊಂಡರು. ಬಾಲಕಿಯ ಹೊದಿಕೆಯ ಚಿತ್ತಾರವನ್ನು ಹೊಗಳಿದವರೂ ಅವರೇ. ಇವೆರಡರಲ್ಲಿ ವಿರೋಧವಿಲ್ಲ. ಚೆಂದವನ್ನು ಚೆಂದವೆನ್ನಬೇಕು, ಆದರೆ ಅದು ನಮ್ಮ ಮತ್ತು ಅಲ್ಲಾಹನ ನಡುವೆ ಬಂದು ನಿಲ್ಲಬಾರದು.

ಪರನಾಡಿನ ಉಡುಪನ್ನು ತೊಡುವವರು ಮತ್ತೊಂದು ಹಕ್ಕನ್ನೂ ಮರೆಯಬಾರದು. ಅದು ನೇಯ್ದವನ ಹಕ್ಕು. ಕಚ್ಛಿನ ಮುಸ್ಲಿಮ್ ಖತ್ರಿ ಕುಟುಂಬಗಳು ಮರದ ಅಚ್ಚಿನಿಂದ ಒತ್ತಿ, ನೀಲಿಯಲ್ಲಿ ಅದ್ದಿ, ಮತ್ತೆ ಮತ್ತೆ ತೊಳೆದು, ಹತ್ತಕ್ಕೂ ಮಿಕ್ಕಿದ ಹಂತಗಳಲ್ಲಿ ಅಜ್ರಖ್ ತಯಾರಿಸುತ್ತಾರೆ. 2001ರ ಭೂಕಂಪದ ನಂತರ ಧಮಡ್ಕಾ ಗ್ರಾಮದ ನೀರಿನ ಗುಣ ಬದಲಾಗಿ ಬಣ್ಣ ಸರಿಯಾಗಿ ಹಿಡಿಯದಾದಾಗ ಅವರಲ್ಲಿ ಅನೇಕರು ಭುಜ್ ಸಮೀಪ ಅಜ್ರಖ್‌ಪುರ ಎಂಬ ಹೊಸ ಊರನ್ನೇ ಕಟ್ಟಿದರು. ಕಸುಬಿಗಾಗಿ ಊರು ಬಿಟ್ಟವರ ಬಟ್ಟೆ ಅದು. ಯಂತ್ರದಲ್ಲಿ ಅಚ್ಚಾದ ಅಗ್ಗದ ನಕಲನ್ನು ಕೊಂಡು, ಅದನ್ನೇ ಜಾನಪದವೆಂದು ಮೆರೆಯುವುದು ಆ ಕೈಗಳಿಗೆ ಬಗೆಯುವ ಅನ್ಯಾಯ. ಇಳಕಲ್ಲಿನ ಮಗ್ಗಕ್ಕೂ ಈ ಮಾತು ಅನ್ವಯಿಸುತ್ತದೆ. ಒಂದೇ ಕೊಂಡರೂ ನೇಕಾರನಿಗೆ ನ್ಯಾಯವಾದ ಬೆಲೆ ತೆತ್ತು ಕೊಳ್ಳುವುದು, ಕೊಂಡದ್ದನ್ನು ಸವೆಯುವವರೆಗೆ ತೊಡುವುದು ಉಮ್ಮು ಖಾಲಿದ್‌ಳಿಗೆ(ರ) ದೊರೆತ ಹರಕೆಗೆ ಒಪ್ಪುವ ನಡತೆ.

ಹಜ್ಜ್‌ನಲ್ಲಿ ಪುರುಷರೆಲ್ಲರೂ ಹೊಲಿಗೆಯಿಲ್ಲದ ಎರಡು ಬಟ್ಟೆಗಳಲ್ಲಿ ನಿಲ್ಲುತ್ತಾರೆ. ಅಲ್ಲಿ ಅರಸನ ಗುರುತೂ ಇಲ್ಲ, ಆಳಿನ ಗುರುತೂ ಇಲ್ಲ. ಆದರೆ ಸ್ತ್ರೀಯರಿಗೆ ಇಹ್ರಾಮಿನ ಪ್ರತ್ಯೇಕ ಉಡುಪಿಲ್ಲ. ಅವರು ತಮ್ಮ ತಮ್ಮ ನಾಡಿನ, ಮೈ ಮರೆಸುವ ಉಡುಪಿನಲ್ಲೇ ಕಅಬಾದ ಸುತ್ತ ತವಾಫ್ ಮಾಡುತ್ತಾರೆ. ಮನುಷ್ಯರೆಲ್ಲರೂ ಸಮಾನರೆಂಬ ಪಾಠವೂ ಜನಾಂಗಗಳನ್ನು ಪರಸ್ಪರ ಅರಿಯಲೆಂದೇ ಸೃಷ್ಟಿಸಲಾಗಿದೆಯೆಂಬ ಅಲ್ ಹುಜುರಾತ್ ಅಧ್ಯಾಯದ ಪಾಠವೂ ಆ ಒಂದೇ ಅಂಗಳದಲ್ಲಿ ಕಣ್ಣಿಗೆ ಕಾಣುತ್ತವೆ. ಅಲ್ಲಾಹನ ಮನೆಯಂಗಳದಲ್ಲಿ ಸಲ್ಲುವ ಅಜ್ಜಿಯ ಉಡುಪು ನಮ್ಮ ಮನೆಯಂಗಳದಲ್ಲಿ ಸಲ್ಲದೆ ಹೋಗುವುದೇಕೆ?

ಮುಂದಿನ ಹಬ್ಬದ ದಿನ ನಮ್ಮ ಮಕ್ಕಳು ತಮಗೆ ಇಷ್ಟವಾದ, ನಿಬಂಧನೆಗಳಿಗೆ ಒಪ್ಪುವ ಯಾವ ನಾಡಿನ ಬಟ್ಟೆಯನ್ನಾದರೂ ತೊಡಲಿ. ಆದರೆ ಮನೆಯಿಂದ ಹೊರಡುವ ಮೊದಲು ಅಜ್ಜಿಯ ಬಳಿ ಕುಳಿತು, ಅವರ ಸೆರಗಿನ ಅಂಚನ್ನು ಕೈಯಲ್ಲಿ ಹಿಡಿದು, ಅದು ಚೆಂದವಾಗಿದೆಯೆಂದು ಒಂದು ಮಾತು ಹೇಳಲಿ. ಅದೂ ಸುನ್ನತ್ತಿನ ದಾರಿಯೇ. ಅಲ್ಲಾಹನು ನಮ್ಮೆಲ್ಲರಿಗೂ ದೇವಭಯದ ಉಡುಪನ್ನು ಕರುಣಿಸಲಿ. ಆಮೀನ್.