ಸೂಲಗಿತ್ತಿಯ ಕೈಗೆ ಬಂದ ಸರ್ಟಿಫಿಕೇಟು

ಹೆರಿಗೆ ಮಾಡಿಸುವ ಹೆಂಗಸಿಗೆ ಸರ್ಟಿಫಿಕೇಟು ಏಕೆ? ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಇದು ಭಾರಿ ಚರ್ಚೆಯ ವಿಷಯವಾಗಿತ್ತು.

ಅಲ್ಲಿನ ಬಡವರ ಮನೆಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವಳು ಕೇರಿಯ ಅನುಭವಿ ಹೆಂಗಸು. ಅವಳಲ್ಲಿ ಕೈಗುಣವಿತ್ತು; ಕೈ ತೊಳೆಯಬೇಕೆಂದು ಕಲಿಸಿದವರಿರಲಿಲ್ಲ. ಹಾಗೆಂದು ಡಾಕ್ಟರರೇನೂ ಮೇಲಲ್ಲ. ವಿಯೆನ್ನಾದಲ್ಲಿ ಸೂಲಗಿತ್ತಿಯರ ವಾರ್ಡಿಗಿಂತ ವೈದ್ಯ ವಿದ್ಯಾರ್ಥಿಗಳ ವಾರ್ಡಿನಲ್ಲೇ ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದರು. ಶವ ಕೊಯ್ದ ಕೈಯಲ್ಲೇ ಅವರು ಹೆರಿಗೆ ಕೋಣೆಗೆ ಬರುತ್ತಿದ್ದುದು ಕಾರಣವೆಂದು 1847ರಲ್ಲಿ ಸೆಮೆಲ್ವೈಸ್ ತೋರಿಸಿಕೊಟ್ಟ.

ಸೂಲಗಿತ್ತಿಯರಿಗೆ ತರಬೇತಿ, ಪರೀಕ್ಷೆ, ನೋಂದಣಿ ಬೇಕೆಂದು 1881ರಲ್ಲಿ ಲಂಡನ್ನಿನಲ್ಲಿ ಸಂಘವೊಂದು ಹುಟ್ಟಿತು. ಸಂಪಾದನೆಗೆ ಕುತ್ತು ಬಂದೀತೆಂದು ಅನೇಕ ವೈದ್ಯರು ವಿರೋಧಿಸಿದರು. ಮಸೂದೆಗಳು ಮತ್ತೆ ಮತ್ತೆ ಬಿದ್ದವು. ಕೊನೆಗೆ 1902ರಲ್ಲಿ ಕಾಯಿದೆ ಬಂತು. 1905ರಿಂದ ಸರ್ಟಿಫಿಕೇಟು ಇಲ್ಲದವಳು ಸೂಲಗಿತ್ತಿ ಎಂದು ಕರೆದುಕೊಳ್ಳುವಂತಿರಲಿಲ್ಲ. 1910ರಿಂದ ಡಾಕ್ಟರರ ನಿರ್ದೇಶನವಿಲ್ಲದೆ ಹೆರಿಗೆಯನ್ನೇ ಕಸುಬಾಗಿ ಮಾಡುವಂತಿರಲಿಲ್ಲ.

ಆದರೆ ಹಳಬರನ್ನೆಲ್ಲ ಒಮ್ಮೆಲೇ ಹೊರಗಟ್ಟಿದರೆ ಬಡ ಬಸುರಿಯರ ಗತಿಯೇನು? ಅದಕ್ಕೇ ಒಂದು ವರ್ಷವಾದರೂ ಕಸುಬು ಮಾಡಿದ, ಒಳ್ಳೆಯ ಹೆಸರಿರುವ ಹೆಂಗಸರನ್ನು ಪರೀಕ್ಷೆಯಿಲ್ಲದೆಯೇ ಪಟ್ಟಿಗೆ ಸೇರಿಸಿಕೊಂಡರು. 1905ರ ಪಟ್ಟಿಯಲ್ಲಿದ್ದ 22 ಸಾವಿರಕ್ಕೂ ಹೆಚ್ಚು ಹೆಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವರದೇ. ಅವರೂ ಚೀಲದಲ್ಲಿ ಕ್ರಿಮಿನಾಶಕ ಒಯ್ಯಬೇಕು, ತಪಾಸಣೆಗೆ ಒಳಪಡಬೇಕು, ಹೆರಿಗೆ ತೊಡಕಾದರೆ ಡಾಕ್ಟರರನ್ನು ಕರೆಸಬೇಕು ಎಂಬ ನಿಯಮಗಳಾದವು.

ಇಷ್ಟರಿಂದ ಸಾವು ತಗ್ಗಿತೇ? ಇಲ್ಲ. 1930ರ ದಶಕದ ನಡುವಿನವರೆಗೂ ಸಾವಿರ ಹೆರಿಗೆಗೆ ಸುಮಾರು ನಾಲ್ವರು ತಾಯಂದಿರು ಸಾಯುತ್ತಲೇ ಇದ್ದರು. ನಂಜಿಗೆ ಸಲ್ಫಾ ಔಷಧ ಬಂದ ಮೇಲೆಯೇ ಸಾವಿನ ಲೆಕ್ಕ ಇಳಿಯತೊಡಗಿತು. ಸೂಲಗಿತ್ತಿಯರಿಗೆ ಸ್ಥಳೀಯ ಆಡಳಿತವೇ ಸಂಬಳದ ವ್ಯವಸ್ಥೆ ಮಾಡಬೇಕೆಂಬ ಕಾಯಿದೆಯೂ 1936ರಲ್ಲಿ ಬಂತು.

ನಮ್ಮಲ್ಲಿ ನರ್ಸ್‌ಗಳ ಮತ್ತು ಸೂಲಗಿತ್ತಿಯರ ತರಬೇತಿಗೆ ಏಕರೂಪ ತರಲು ಭಾರತೀಯ ನರ್ಸಿಂಗ್ ಮಂಡಳಿಯ ಕಾಯಿದೆ ಬಂದದ್ದು 1947ರಲ್ಲಿ. ಅರ್ಹ ನರ್ಸ್‌ಗಳಿಗೆ ಹೆರಿಗೆ, ನವಜಾತ ಶಿಶುಗಳ ಆರೈಕೆಯಲ್ಲಿ 18 ತಿಂಗಳ ವಿಶೇಷ ತರಬೇತಿ ನೀಡುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2018ರಲ್ಲಿ. ಅದೇ ವರ್ಷ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತು. ಸಾವಿರಾರು ಹೆರಿಗೆ ಮಾಡಿಸಿದ ಅವರಿಗೆ ಶಾಲೆಯ ಓದು ಇರಲಿಲ್ಲ.

ಇವೆರಡರಲ್ಲಿ ವಿರೋಧವೇನೂ ಇಲ್ಲ. ನರಸಮ್ಮನಂಥವರು ಎಲ್ಲ ಊರುಗಳಲ್ಲೂ ಸಿಗುವುದಿಲ್ಲ. ಯಾರು ಬಂದರೂ ಇಷ್ಟಂತೂ ಬಲ್ಲವರಾಗಿರುತ್ತಾರೆ ಎಂಬ ಭರವಸೆಯನ್ನು ಸರ್ಟಿಫಿಕೇಟು ಬಸುರಿಗೆ ಕೊಡುತ್ತದೆ. ಅದರ ಬೆನ್ನಿಗೆ ಔಷಧ, ಸಂಬಳ, ಕರೆದರೆ ಬರುವ ಡಾಕ್ಟರು ಇರಬೇಕು.