ಯುನಿಕ್ಸ್‌ನಲ್ಲಿ ಕಾಲವಲಯ ನಿಗದಿ

ಯುನಿಕ್ಸ್‌ನಲ್ಲಿ ಕಾಲವಲಯ ನಿಗದಿ ಎಂದರೆ ಯುನಿಕ್ಸ್ ಅಥವಾ ಲಿನಕ್ಸ್‌ನಂತಹ ಅದರ ಮಾದರಿಯ ಕಾರ್ಯಾಚರಣ ವ್ಯವಸ್ಥೆಯುಳ್ಳ ಗಣಕಯಂತ್ರವು ಯಾವ ಪ್ರದೇಶದ ಸಮಯವನ್ನು ತೋರಿಸಬೇಕೆಂದು ಅದಕ್ಕೆ ತಿಳಿಸುವ ಕ್ರಮ. ಇದು ಗಡಿಯಾರವನ್ನು ಸರಿಪಡಿಸುವುದಕ್ಕಿಂತ ಭಿನ್ನವಾದ ಕಾರ್ಯ.

ಸಮಯದ ಎಣಿಕೆ

ಯುನಿಕ್ಸ್ ವ್ಯವಸ್ಥೆಯು ಸಮಯವನ್ನು 1970ರ ಜನವರಿ 1ರ ಶೂನ್ಯ ಗಂಟೆಯಿಂದ ಕಳೆದ ಸೆಕೆಂಡುಗಳ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಈ ಎಣಿಕೆಗೆ ಜಾಗತಿಕ ಸಮಯವಾದ ಯುಟಿಸಿ ಆಧಾರ. ಆದುದರಿಂದ ಒಂದೇ ಕ್ಷಣದಲ್ಲಿ ಬೆಂಗಳೂರಿನ ಮತ್ತು ಲಂಡನ್ನಿನ ಗಣಕಗಳಲ್ಲಿರುವ ಸಂಖ್ಯೆ ಒಂದೇ ಆಗಿರುತ್ತದೆ. ಸ್ಥಳೀಯ ಸಮಯವು ಆ ಸಂಖ್ಯೆಯನ್ನು ಓದುವ ರೀತಿ ಮಾತ್ರ. ಭಾರತೀಯ ಕಾಲಮಾನವು ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ, ಭಾರತದ ಸಮಯ ತೋರಿಸುವಾಗ ವ್ಯವಸ್ಥೆಯು 19,800 ಸೆಕೆಂಡುಗಳನ್ನು ಕೂಡಿಸಿಕೊಳ್ಳುತ್ತದೆ.

ಕಾಲವಲಯ ದತ್ತಸಂಚಯ

ಯಾವ ಪ್ರದೇಶಕ್ಕೆ ಎಷ್ಟು ಕೂಡಿಸಬೇಕು ಅಥವಾ ಕಳೆಯಬೇಕು ಎಂಬ ನಿಯಮಗಳು ಕಾಲವಲಯ ದತ್ತಸಂಚಯದಲ್ಲಿವೆ. ಇದನ್ನು ಆರಂಭಿಸಿದವರು ಆರ್ಥರ್ ಡೇವಿಡ್ ಓಲ್ಸನ್. ಅವರ ಬಳಿಕ ಪಾಲ್ ಎಗರ್ಟ್ ನಿರ್ವಹಣೆಯನ್ನು ವಹಿಸಿಕೊಂಡರು. 2011ರಿಂದ ಐಎಎನ್ಎ ಸಂಸ್ಥೆಯು ಇದಕ್ಕೆ ಆಶ್ರಯ ನೀಡಿದೆ. ವಲಯಗಳನ್ನು ಸಾಮಾನ್ಯವಾಗಿ ಖಂಡ ಮತ್ತು ನಗರದ ಹೆಸರಿನಿಂದ ಗುರುತಿಸಲಾಗುತ್ತದೆ. ಇಡೀ ಭಾರತಕ್ಕೆ ‘ಏಷ್ಯಾ/ಕೋಲ್ಕತಾ’ ಎಂಬ ಒಂದೇ ವಲಯವಿದೆ. ಪಟ್ಟಿಯಲ್ಲಿ ಬೆಂಗಳೂರಾಗಲಿ ದೆಹಲಿಯಾಗಲಿ ಕಾಣಸಿಗದಿರಲು ಇದೇ ಕಾರಣ. ‘ಏಷ್ಯಾ/ಕಲ್ಕಟ್ಟಾ’ ಎಂಬ ಹಳೆಯ ಹೆಸರೂ ಪರ್ಯಾಯವಾಗಿ ಉಳಿದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕಿಟ್ಟಿದ್ದ ಸಂಗತಿಯೂ ಇದರಲ್ಲಿ ದಾಖಲಾಗಿದೆ.

ನಿಗದಿಪಡಿಸುವ ವಿಧಾನ

ಬಹುತೇಕ ವ್ಯವಸ್ಥೆಗಳಲ್ಲಿ ಈ ನಿಯಮಗಳು ‘ಝೋನ್‌ಇನ್ಫೋ’ ಎಂಬ ಕಡತಕೋಶದಲ್ಲಿರುತ್ತವೆ. ‘ಇಟಿಸಿ’ ಕಡತಕೋಶದ ‘ಲೋಕಲ್‌ಟೈಮ್’ ಎಂಬ ಕಡತವು ಅವುಗಳಲ್ಲಿ ಒಂದರ ಪ್ರತಿಯಾಗಿರುತ್ತದೆ ಅಥವಾ ಅದರತ್ತ ಬೊಟ್ಟುಮಾಡುವ ಕೊಂಡಿಯಾಗಿರುತ್ತದೆ. ಇದನ್ನು ಬದಲಿಸಲು ನಿರ್ವಾಹಕನ ಅಧಿಕಾರ ಬೇಕು. ಇಂದಿನ ಅನೇಕ ಲಿನಕ್ಸ್ ವಿತರಣೆಗಳಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆದೇಶವು ಈ ಕೆಲಸವನ್ನು ಮಾಡುತ್ತದೆ. ತನಗೆ ಮಾತ್ರ ಬೇರೆ ವಲಯ ಬೇಕೆನ್ನುವ ಬಳಕೆದಾರನು ‘ಟಿಝಡ್’ ಎಂಬ ಪರಿಸರ ಚರಾಂಶಕ್ಕೆ ವಲಯದ ಹೆಸರನ್ನು ಕೊಟ್ಟರೆ ಸಾಕು. ಫಲಿತಾಂಶವನ್ನು ‘ಡೇಟ್’ ಆದೇಶದಿಂದ ಪರೀಕ್ಷಿಸಬಹುದು. ಆಗಲೇ ಚಾಲನೆಯಲ್ಲಿರುವ ಕೆಲವು ತಂತ್ರಾಂಶಗಳು ಪುನರಾರಂಭಿಸುವವರೆಗೆ ಹಳೆಯ ವಲಯವನ್ನೇ ಬಳಸುತ್ತವೆ.

ಸಾಮಾನ್ಯ ದೋಷಗಳು

ತೆರೆಯ ಮೇಲಿನ ಸಮಯ ಐದೂವರೆ ಗಂಟೆ ಹಿಂದಿದ್ದರೆ ಗಡಿಯಾರವನ್ನೇ ಮುಂದೂಡುವುದು ಪದೇ ಪದೇ ಆಗುವ ತಪ್ಪು. ಹೀಗೆ ಮಾಡಿದರೆ ತೆರೆಯ ಮೇಲಿನ ಅಂಕಿಗಳು ಸರಿಯಾದಂತೆ ಕಂಡರೂ ಮೂಲ ಸಂಖ್ಯೆ ಕೆಡುತ್ತದೆ. ಆ ಗಣಕದಲ್ಲಿ ರಚಿಸಿದ ಕಡತಗಳು ಇತರ ಗಣಕಗಳಿಗೆ ಇನ್ನೂ ಬಾರದ ಗಳಿಗೆಯಲ್ಲಿ ಹುಟ್ಟಿದಂತೆ ತೋರುತ್ತವೆ. ಘಟನೆಗಳ ದಾಖಲೆಯಲ್ಲಿ ಹಿಂದುಮುಂದಿನ ಕ್ರಮವೇ ತಪ್ಪುತ್ತದೆ.

‘ಐಎಸ್‌ಟಿ’ ಎಂಬ ಸಂಕ್ಷೇಪವೂ ಗೊಂದಲಕ್ಕೆ ಎಡೆಮಾಡುತ್ತದೆ. ಇಸ್ರೇಲ್ ಮತ್ತು ಐರ್ಲೆಂಡ್‌ಗಳ ಸಮಯಕ್ಕೂ ಇದೇ ಸಂಕ್ಷೇಪ ಬಳಕೆಯಲ್ಲಿರುವುದರಿಂದ ವಲಯದ ಪೂರ್ಣ ಹೆಸರನ್ನು ಕೊಡುವುದು ಸುರಕ್ಷಿತ.

ಅಂಕಿಗಳಲ್ಲಿ ವಲಯವನ್ನು ಬರೆಯುವ ಪೋಸಿಕ್ಸ್ ಪದ್ಧತಿಯಲ್ಲಿ ಚಿಹ್ನೆಯು ರೂಢಿಗೆ ವಿರುದ್ಧವಾಗಿದೆ: ಗ್ರೀನಿಚ್‌ನ ಪೂರ್ವಕ್ಕಿರುವ ಭಾರತಕ್ಕೆ ‘-5:30’ ಎಂದು ಬರೆಯಬೇಕು. ತಪ್ಪಿ ಅಧಿಕ ಚಿಹ್ನೆ ಹಾಕಿದರೆ ಸಮಯವು ಹನ್ನೊಂದು ಗಂಟೆಗಳಷ್ಟು ಹಿಂದಕ್ಕೆ ಹೋಗುತ್ತದೆ.